ಬಸ್ಸಿಗೆ ಮಸಿ ಬಳಿಯುವುದು ಕನ್ನಡದ ಕೆಲಸವಲ್ಲ: ಕಾತ್ರಜದಿಂದ ಒಂದು ಪ್ರತ್ಯುತ್ತರ

ಬಸ್ಸುಗಳಿಗೆ ಮಸಿ ಬಳಿಯುವ ಎರಡೂ ರಾಜ್ಯದವರನ್ನು, ಅದನ್ನೇ ದಿನವಿಡೀ ತೋರಿಸುವ ಸುದ್ದಿವಾಹಿನಿಗಳನ್ನು, ಜೊತೆಗೆ ರಸ್ತೆಯಲ್ಲಿ ನಾವೇ ನಡೆದುಕೊಳ್ಳುವ ರೀತಿಯನ್ನು ಖಂಡಿಸಿ ನಾನು ಬರೆದದ್ದು ಹಲವರಿಗೆ ಸಿಟ್ಟು ತರಿಸಿದೆ. ಪತ್ರ ಬರೆದವರಿದ್ದಾರೆ, ಫೋನು ಮಾಡಿ ಜಗಳ ತೆಗೆದವರಿದ್ದಾರೆ. ಪುಣೆಯ ಕಾತ್ರಜದ ನಮ್ಮ ಸೊಸೈಟಿಯ ಗೇಟಿನಲ್ಲಿ ತಡೆದು, ‘ನೀವು ಹಿಂಗ ಬರೀಬಾರದಿತ್ತು ನೋಡ್ರಿ’ ಎಂದವರೂ ಇದ್ದಾರೆ. ಅವರೆಲ್ಲ ನಮ್ಮವರೇ, ಕನ್ನಡದ ಮೇಲಿನ ಪ್ರೀತಿಯಿಂದಲೇ ಮಾತಾಡಿದವರು. ಆದ್ದರಿಂದ ಅವರ ಆಕ್ಷೇಪಗಳನ್ನು ಒಂದೊಂದಾಗಿ ಎತ್ತಿಕೊಂಡು ಉತ್ತರ ಕೊಡುವುದು ನನ್ನ ಕರ್ತವ್ಯ.

ಮೊದಲ ಆಕ್ಷೇಪ: ‘ಮಹಾರಾಷ್ಟ್ರದಲ್ಲಿ ಮನೆ ಮಾಡಿಕೊಂಡವನು, ಹೆದರಿ ಹೀಗೆ ಬರೆದಿದ್ದಾನೆ.’

ಇದಕ್ಕೆ ಹೆಚ್ಚು ಮಾತು ಬೇಡ. ಗಡಿ ವಿವಾದದಲ್ಲಿ ನನ್ನ ನಿಲುವು ಇದು: ಬೆಳಗಾವಿ ಕರ್ನಾಟಕದ್ದು. 1956ರ ರಾಜ್ಯ ಪುನರ್ವಿಂಗಡಣೆಯಲ್ಲಿ ಅದು ನಮಗೆ ಬಂತು. ಮಹಾರಾಷ್ಟ್ರದ ಒತ್ತಾಯದಿಂದಲೇ 1966ರಲ್ಲಿ ನೇಮಕವಾದ ಮಹಾಜನ್ ಆಯೋಗವು ಮರುವರ್ಷ ಕೊಟ್ಟ ವರದಿಯಲ್ಲಿ ಬೆಳಗಾವಿಯನ್ನು ನಮಗೇ ಉಳಿಸಿತು. ಆಯೋಗ ಬೇಕು ಎಂದವರು ವರದಿ ಬಂದ ಮೇಲೆ ಒಲ್ಲೆ ಎಂದರು. 2004ರಲ್ಲಿ ಮಹಾರಾಷ್ಟ್ರ ಹೂಡಿದ ದಾವೆ ಸುಪ್ರೀಂ ಕೋರ್ಟಿನಲ್ಲಿದೆ. ಈ ಮಾತನ್ನು ನನ್ನ ಮರಾಠಿ ನೆರೆಯವರ ಮನೆಯಲ್ಲಿ ಕುಳಿತು ಚಹಾ ಕುಡಿಯುತ್ತಲೇ ಹೇಳಿದ್ದೇನೆ. ಅವರು ಒಪ್ಪಲಿಲ್ಲ, ನಾನು ಬಿಡಲಿಲ್ಲ, ಚಹಾ ಮಾತ್ರ ನಿಲ್ಲಲಿಲ್ಲ. ನನ್ನ ನಿಲುವಿಗೂ ಹೆದರಿಕೆಗೂ ಸಂಬಂಧವಿಲ್ಲ.

ಎರಡನೆಯದು: ‘ಅವರು ಮೊದಲು ಮಾಡಿದರು. ತಿರುಗಿ ಕೊಡದಿದ್ದರೆ ನಮ್ಮನ್ನು ಹೇಡಿಗಳೆಂದುಕೊಳ್ಳುತ್ತಾರೆ.’

ಹೆಚ್ಚಿನ ಪತ್ರಗಳ ಸಾರ ಇದೇ. ಆದ್ದರಿಂದ ನಡೆದದ್ದನ್ನು ಸಾಲಾಗಿ ನೋಡೋಣ. 2025ರ ಫೆಬ್ರುವರಿಯಲ್ಲಿ ಬೆಳಗಾವಿ ಹತ್ತಿರ ನಮ್ಮ ಸಾರಿಗೆ ಸಂಸ್ಥೆಯ ಕಂಡಕ್ಟರ್ ಒಬ್ಬರನ್ನು ಮರಾಠಿ ಬರುವುದಿಲ್ಲ, ಕನ್ನಡದಲ್ಲಿ ಹೇಳಿ ಎಂದದ್ದಕ್ಕೆ ಗುಂಪೊಂದು ಹೊಡೆಯಿತು. ಇದು ಅಪರಾಧ, ಯಾವ ಸಬೂಬೂ ಇಲ್ಲದ ಅಪರಾಧ. ಹೊಡೆದವರನ್ನು ಪೊಲೀಸರು ಹಿಡಿಯಬೇಕಿತ್ತು, ಹಿಡಿದರು. ಅಲ್ಲಿಗೆ ಮುಗಿಯಬೇಕಿದ್ದ ವಿಷಯ ಚಿತ್ರದುರ್ಗಕ್ಕೆ ಹೋಯಿತು. ಬೆಂಗಳೂರಿನಿಂದ ಮುಂಬಯಿಗೆ ಹೊರಟಿದ್ದ ಮಹಾರಾಷ್ಟ್ರದ ಬಸ್ಸನ್ನು ತಡೆದು, ಚಾಲಕನ ಮುಖಕ್ಕೇ ಮಸಿ ಬಳಿದರು. ಬೆಳಗಾವಿಯ ಕಂಡಕ್ಟರಿಗೆ ಬಿದ್ದ ಪೆಟ್ಟಿಗೂ ಆ ಚಾಲಕನಿಗೂ ಏನು ಸಂಬಂಧ? ಅವನೂ ಖಾಕಿ ತೊಟ್ಟು ರಾತ್ರಿಯೆಲ್ಲ ಸ್ಟೇರಿಂಗ್ ಹಿಡಿದು ಸಂಸಾರ ಸಾಕುವವನೇ. ಅದಾದ ಮೇಲೆ ಪುಣೆಯಲ್ಲಿ ನಮ್ಮ ಬಸ್ಸುಗಳಿಗೆ ಬಣ್ಣ ಬಳಿದರು, ಮಹಾರಾಷ್ಟ್ರದ ಸಾರಿಗೆ ಸಚಿವರು ಕರ್ನಾಟಕಕ್ಕೆ ಹೋಗುವ ಬಸ್ಸುಗಳನ್ನೇ ನಿಲ್ಲಿಸಿದರು. 2022ರ ಡಿಸೆಂಬರಿನಲ್ಲಿ ನಡೆದದ್ದೂ ಇದೇ ಕ್ರಮದಲ್ಲಿ: ಹಿರೇಬಾಗೇವಾಡಿ ಟೋಲ್ ಬಳಿ ಮಹಾರಾಷ್ಟ್ರದ ಲಾರಿಗಳಿಗೆ ಕಲ್ಲು, ಪುಣೆಯ ಸ್ವಾರಗೇಟಿನಲ್ಲಿ ನಮ್ಮ ಬಸ್ಸಿಗೆ ಬಣ್ಣ.

ಈ ‘ತಿರುಗಿ ಕೊಟ್ಟದ್ದು’ ಯಾರಿಗೆ ತಟ್ಟಿತು ಎಂಬುದನ್ನು ಕಾತ್ರಜದಲ್ಲಿ ನಿಂತು ನೋಡಬೇಕು. ಸ್ವಾರಗೇಟಿನಿಂದ ಬೆಳಗಾವಿ, ಹುಬ್ಬಳ್ಳಿ, ಬೆಂಗಳೂರಿಗೆ ಹೊರಟ ನಮ್ಮ ಬಸ್ಸುಗಳು ಸಾತಾರಾ ರಸ್ತೆ ಹಿಡಿದು ಕಾತ್ರಜದ ಮೇಲೆಯೇ ಹೋಗಬೇಕು. ಸಂಜೆಯಾಗುತ್ತಲೇ ರಸ್ತೆ ಬದಿ ನಮ್ಮ ಮಂದಿ ಸೇರುತ್ತಾರೆ. ಕಟ್ಟಡದ ಕೆಲಸ ಮುಗಿಸಿ ಊರಿಗೆ ಹೊರಟ ಗೌಂಡಿಗಳು, ಅವರ ಹೆಂಡಂದಿರು, ಗೋಣಿಚೀಲದಲ್ಲಿ ಕಟ್ಟಿದ ಪಾತ್ರೆ, ಮಗುವನ್ನು ಸೊಂಟಕ್ಕೆ ಹಾಕಿಕೊಂಡು ಬಸ್ಸಿನ ಬೋರ್ಡು ಓದಲು ಬಾರದೆ ‘ಯಣ್ಣಾ, ಇದು ಬೆಳಗಾಂವಿಗಿ ಹೋಗತೈತೇನು?’ ಎಂದು ಕೇಳುವ ಮುದುಕಿ. ಕಂಡಕ್ಟರ್ ಬಾಗಿಲಲ್ಲಿ ಜೋತು ‘ನಿಪ್ಪಾಣಿ, ಬೆಳಗಾವಿ, ಧಾರವಾಡ, ಹುಬ್ಬಳ್ಳಿ’ ಎಂದು ಕೂಗುವುದನ್ನು ಕೇಳಿದರೆ ಅವರ ಮುಖ ಅರಳುತ್ತದೆ. ಬಸ್ಸು ನಿಂತ ದಿನಗಳಲ್ಲಿ ಈ ಜನ ಏನು ಮಾಡಬೇಕು? ಕಾರಿದ್ದವರು ಕಾರಿನಲ್ಲಿ ಹೋದರು, ಐಟಿ ಹುಡುಗರು ಖಾಸಗಿ ಬಸ್ಸಿಗೆ ಕೇಳಿದಷ್ಟು ದುಡ್ಡು ಕೊಟ್ಟರು. ಗೌಂಡಿ ಕೊಲ್ಲಾಪುರದವರೆಗೆ ಒಂದು ಬಸ್ಸು, ಅಲ್ಲಿಂದ ಸಿಕ್ಕ ಟೆಂಪೊ ಎಂದು ಹೆಂಡತಿ ಮಕ್ಕಳನ್ನು ಕಟ್ಟಿಕೊಂಡು ಅಲೆದ. ಮಸಿ ಬಳಿದವರು ಎರಡೂ ಕಡೆ ಮನೆಗೆ ಹೋಗಿ ಊಟ ಮಾಡಿದರು.

ನನಗೆ ಬರೆದವರೊಬ್ಬರು ‘ಹಾಗಾದರೆ ಸುಮ್ಮನಿರಬೇಕೇ?’ ಎಂದು ಕೇಳಿದ್ದಾರೆ. ಸುಮ್ಮನಿರಬೇಡಿ. ಸಾರ್ವಜನಿಕ ಆಸ್ತಿ ಹಾನಿ ತಡೆ ಕಾಯಿದೆ 1984ರಿಂದ ಇದೆ. ನಷ್ಟವನ್ನು ಗಲಭೆ ಮಾಡಿಸಿದ ಸಂಘಟಕರಿಂದಲೇ ವಸೂಲು ಮಾಡಬಹುದೆಂದು ಸುಪ್ರೀಂ ಕೋರ್ಟ್ 2009ರಲ್ಲೇ ಹೇಳಿದೆ. ಎರಡೂ ಸರ್ಕಾರಗಳು ಈ ಕಾಯಿದೆಯನ್ನು ತಮ್ಮ ತಮ್ಮ ನೆಲದ ಪುಂಡರ ಮೇಲೆ ಬಳಸಲಿ ಎಂದು ಒತ್ತಾಯಿಸಿ. ಆ ಒತ್ತಾಯಕ್ಕೆ ಬಸ್ಸಿಗೆ ಬಣ್ಣ ಎರಚುವುದಕ್ಕಿಂತ ಹೆಚ್ಚು ಧೈರ್ಯ ಬೇಕು, ಏಕೆಂದರೆ ನಮ್ಮವರ ಎದುರೇ ನಿಂತು ಮಾತಾಡಬೇಕಾಗುತ್ತದೆ.

ಮೂರನೆಯದು: ‘ವಾಹಿನಿಗಳು ನಡೆದದ್ದನ್ನು ತೋರಿಸುತ್ತವೆ. ಕನ್ನಡಿಯನ್ನು ಬೈದರೆ ಏನು ಬಂತು?’

ನಡೆದದ್ದನ್ನೆಲ್ಲ ತೋರಿಸಿದ್ದರೆ ನನ್ನ ತಕರಾರು ಇರುತ್ತಿರಲಿಲ್ಲ. ಬೆಳಗಾವಿಯ ಕಂಡಕ್ಟರ್ ಮೇಲೆ ಆಮೇಲೆ ಪ್ರತಿದೂರೊಂದು ದಾಖಲಾಯಿತು, ಅದೂ ಮಾನ ಕಳೆಯುವಂಥ ದೂರು. ಆ ಸಂಜೆ ಗಡಿಯ ಎರಡೂ ಕಡೆಯ ವಾಹಿನಿಗಳಲ್ಲಿ ಅದೇ ಚರ್ಚೆ. ಒಂದು ಕಡೆ ಆತ ದುಷ್ಟ, ಇನ್ನೊಂದು ಕಡೆ ಹುತಾತ್ಮ. ಕೆಲವೇ ದಿನಗಳಲ್ಲಿ ದೂರು ಕೊಟ್ಟ ಕುಟುಂಬವೇ ಅದನ್ನು ಹಿಂದಕ್ಕೆ ಪಡೆಯುವುದಾಗಿ ಹೇಳಿತು. ಆ ಸುದ್ದಿಗೆ ಮೊದಲ ದಿನದ ಅಬ್ಬರದ ಕಾಲುಭಾಗವೂ ಸಿಗಲಿಲ್ಲ. ಕಾತ್ರಜದ ನನ್ನ ಮರಾಠಿ ಪರಿಚಯದವರಲ್ಲಿ ದೂರಿನ ವಿಷಯ ಎಲ್ಲರಿಗೂ ಗೊತ್ತಿತ್ತು, ಹಿಂತೆಗೆದದ್ದು ಗೊತ್ತಿದ್ದವರು ಸಿಗಲಿಲ್ಲ.

ಇದಕ್ಕಿಂತ ನೋವಿನ ಉದಾಹರಣೆ ಇದೆ. ನಮ್ಮ ಬಸ್ಸುಗಳಿಗೆ ಬಣ್ಣ ಬಳಿದ ಕೆಲವೇ ದಿನಗಳಲ್ಲಿ, 2025ರ ಫೆಬ್ರುವರಿ 25ರ ನಸುಕಿನಲ್ಲಿ, ಸ್ವಾರಗೇಟ್ ನಿಲ್ದಾಣದ ಆವರಣದಲ್ಲೇ ನಿಂತಿದ್ದ ಸರ್ಕಾರಿ ಬಸ್ಸಿನೊಳಗೆ ಯುವತಿಯೊಬ್ಬಳ ಮೇಲೆ ಅತ್ಯಾಚಾರ ನಡೆದ ದೂರು ದಾಖಲಾಯಿತು. ಪುಣೆಯ ಅತ್ಯಂತ ಗಿಜಿಗುಡುವ ನಿಲ್ದಾಣ, ಪೊಲೀಸ್ ಠಾಣೆ ಕೂಗಳತೆಯಲ್ಲಿ. ಆವರಣದಲ್ಲಿ ಕೆಟ್ಟು ನಿಂತ ಬಸ್ಸುಗಳ ಸ್ಥಿತಿ, ಕಾವಲಿನವರ ನಿರ್ಲಕ್ಷ್ಯ ಎಲ್ಲ ಅನಂತರ ಹೊರಗೆ ಬಂತು. ಅದಕ್ಕೆ ಮುಂಚಿನ ದಿನಗಳಲ್ಲಿ ಪುಣೆಯ ಬಸ್ಸುಗಳ ಮೇಲೆಯೇ ಕ್ಯಾಮೆರಾಗಳ ಕಣ್ಣಿತ್ತು. ಆದರೆ ಅವಕ್ಕೆ ಬೇಕಾಗಿದ್ದದ್ದು ಬಸ್ಸಿನ ಮೇಲಿನ ಕನ್ನಡ ಅಕ್ಷರ ಮತ್ತು ಅದರ ಮೇಲೆ ಹರಿಯುವ ಬಣ್ಣ. ರಾತ್ರಿ ಒಂಟಿಯಾಗಿ ಬಂದಿಳಿಯುವ ಹೆಣ್ಣುಮಗಳಿಗೆ ಆ ನಿಲ್ದಾಣ ಸುರಕ್ಷಿತವೇ ಎಂದು ಕೇಳುವ ವರದಿಗಾರನಿಗೆ ಆ ವಾರ ಜಾಗವಿರಲಿಲ್ಲ. ಕನ್ನಡಿಯಾಗಿದ್ದರೆ ಎದುರಿಗಿದ್ದದ್ದೆಲ್ಲ ಕಾಣಬೇಕಿತ್ತು.

ಇನ್ನು ‘ನೋಡುವವರು ಇದ್ದಾರೆ, ತೋರಿಸುತ್ತಾರೆ’ ಎಂಬ ಮಾತು. ಕೇಬಲ್ ಟಿವಿ ನಿಯಮಗಳು 1994ರವು, ಕಾಯಿದೆ 1995ರದು. ಹಿಂಸೆಗೆ ಉತ್ತೇಜನ ಕೊಡುವಂಥದ್ದನ್ನು ಪ್ರಸಾರ ಮಾಡಕೂಡದೆಂದು ಅವುಗಳಲ್ಲೇ ಇದೆ. ನೋಡುಗನಾದ ನಿಮಗೂ ದಾರಿ ಇದೆ. ಪ್ರಸಾರವಾದ 7 ದಿನಗಳೊಳಗೆ ವಾಹಿನಿಗೇ ಲಿಖಿತ ದೂರು ಕೊಡಿ, ಉತ್ತರ ಸರಿಬರದಿದ್ದರೆ ವಾಹಿನಿಗಳ ಒಕ್ಕೂಟವೇ ರಚಿಸಿಕೊಂಡ ಸುದ್ದಿ ಪ್ರಸಾರ ಮತ್ತು ಡಿಜಿಟಲ್ ಮಾನದಂಡ ಪ್ರಾಧಿಕಾರಕ್ಕೆ ಹೋಗಿ. ಒಕ್ಕೂಟದ ಹೊರಗಿರುವ ವಾಹಿನಿಗಳಿಗೆ ಅದು ತಾಗುವುದಿಲ್ಲ, ದಂಡವೂ ದೊಡ್ಡದಲ್ಲ. ಆದರೂ ಕಾಗದದ ಮೇಲೆ ಬಿದ್ದ ದೂರು ಬೈಗುಳಕ್ಕಿಂತ ಹೆಚ್ಚು ಕೆಲಸ ಮಾಡುತ್ತದೆ. 2022ರ ಡಿಸೆಂಬರ್ 14ರಂದು ಅಮಿತ್ ಶಾ ಅವರು ಆಗಿನ ಮುಖ್ಯಮಂತ್ರಿಗಳಾದ ಬೊಮ್ಮಾಯಿ, ಶಿಂದೆ ಇಬ್ಬರನ್ನೂ ಕೂರಿಸಿ ಮಾತಾಡಿದ ಮೇಲೆ ಹೇಳಿದ್ದು ನೆನಪಿರಲಿ: ದೊಡ್ಡ ನಾಯಕರ ಹೆಸರಿನಲ್ಲಿ ನಕಲಿ ಟ್ವೀಟುಗಳು ಹರಡಿ ಜನರ ಭಾವನೆ ಕೆರಳಿಸಿದ್ದವು ಎಂದು. ಎರಡು ರಾಜ್ಯಗಳ ಮುಖ್ಯಮಂತ್ರಿಗಳ ನಡುವೆ ನಕಲಿ ಖಾತೆಗಳು ಬೆಂಕಿ ಹಚ್ಚಬಹುದಾದರೆ, ತಪಾಸಣೆ ಇಲ್ಲದೆ ಓಡುವ ‘ಬ್ರೇಕಿಂಗ್’ ಏನು ಮಾಡಬಹುದು ಎಂದು ಯೋಚಿಸಿ.

ನಾಲ್ಕನೆಯದು: ‘ಮಕ್ಕಳಿಗೆ ಮರಾಠಿ ಕಲಿಸಿ ಕನ್ನಡ ಕೊಂದವರು ನಮಗೆ ಬುದ್ಧಿ ಹೇಳುವುದು ಬೇಡ.’

ಈ ಮಾತು ಸಿಟ್ಟಿನದು, ಆದರೆ ಒಳಗೆ ನಿಜವಾದ ಸಂಕಟವಿದೆ. ಪುಣೆಯ ಕನ್ನಡ ಮನೆಗಳಲ್ಲಿ ಮೂರನೇ ತಲೆಮಾರು ಕನ್ನಡ ಓದುವುದಿಲ್ಲ, ಅಜ್ಜಿಗೆ ಮರಾಠಿಯಲ್ಲಿ ಉತ್ತರ ಕೊಡುತ್ತದೆ. ಅದಕ್ಕೆ ಕಾರಣ ಮರಾಠಿ ಕಲಿತದ್ದಲ್ಲ, ಮನೆಯಲ್ಲಿ ಕನ್ನಡ ಆಡದೆ ಬಿಟ್ಟದ್ದು. ಮರಾಠಿ ಮನೆಮಾತಿನ ಹುಡುಗ ಧಾರವಾಡದಲ್ಲಿ ಬೆಳೆದು, ಪುಣೆಯ ಫರ್ಗ್ಯುಸನ್ ಕಾಲೇಜಿನಲ್ಲಿ ಓದಿ, ಸೊಲ್ಲಾಪುರದಲ್ಲಿ ಪಾಠ ಹೇಳಿ, ಕನ್ನಡಕ್ಕೆ ‘ನಾಕುತಂತಿ’ ಕೊಟ್ಟು 1973ರ ಜ್ಞಾನಪೀಠ ತಂದ. ಆ ಬೇಂದ್ರೆಯವರು ಮರಾಠಿಯಲ್ಲೂ ಬರೆದರು, ಕನ್ನಡಕ್ಕೆ ಅದರಿಂದ ಏನೂ ಕಡಿಮೆಯಾಗಲಿಲ್ಲ. ಗದಗಿನ ಭೀಮಸೇನ ಜೋಶಿಯವರು ಬದುಕಿದ್ದು ಪುಣೆಯಲ್ಲಿ. ಕುಂದಗೋಳದ ಗುರುವಿನ ಹೆಸರಿನಲ್ಲಿ 1953ರಿಂದ ನಡೆದುಬಂದ ಸವಾಯಿ ಗಂಧರ್ವ ಉತ್ಸವ ಇಂದು ಪುಣೆಕರರ ಹೆಮ್ಮೆ. ಅದೇ ಕಂಠ ಮರಾಠಿಗೆ ಅಭಂಗ, ಕನ್ನಡಕ್ಕೆ ದಾಸರಪದ ಹಾಡಿತು.

ಕನ್ನಡಕ್ಕೆ ಕೆಲಸ ಮಾಡಬೇಕೆನ್ನುವವರಿಗೆ ಮಹಾರಾಷ್ಟ್ರದ ಗಡಿಯ ಜತ್ತ, ಅಕ್ಕಲಕೋಟೆ ದೂರವಿಲ್ಲ. ಅಲ್ಲಿನ ಕನ್ನಡ ಮಾಧ್ಯಮದ ಶಾಲೆಗಳಿಗೆ ಕನ್ನಡ ಬಲ್ಲ ಶಿಕ್ಷಕರು ಬೇಕು, ಪುಸ್ತಕ ಬೇಕು, ಕಲಿತ ಮಕ್ಕಳಿಗೆ ಮುಂದೆ ದಾರಿ ಬೇಕು. ಬಣ್ಣದ ಡಬ್ಬಿಗೆ ಹಾಕುವ ದುಡ್ಡನ್ನು ಅಲ್ಲಿನ ಒಂದು ಶಾಲೆಯ ವಾಚನಾಲಯಕ್ಕೆ ಹಾಕಿ.

ಜೊತೆಗೆ ಒಂದು ಪ್ರಶ್ನೆ. 2025ರಲ್ಲಿ ಮುಂಬಯಿ ಹತ್ತಿರದ ಮೀರಾ ರೋಡಿನಲ್ಲಿ ಮರಾಠಿ ಮಾತಾಡಲಿಲ್ಲವೆಂದು ಅಂಗಡಿಯವನ ಕಪಾಳಕ್ಕೆ ಹೊಡೆದಾಗ ನಮ್ಮವರೆಲ್ಲ ಅದು ಗೂಂಡಾಗಿರಿ ಎಂದರು. ಸರಿಯಾಗಿಯೇ ಹೇಳಿದರು. ಬೆಂಗಳೂರಿನಲ್ಲಿ ಕನ್ನಡ ಬಾರದ ಒಬ್ಬನ ಕಪಾಳಕ್ಕೆ ಬಿದ್ದರೆ ಅದನ್ನು ಅಭಿಮಾನ ಎನ್ನುವುದು ಹೇಗೆ? ಬಂದ ನೆಲದ ಭಾಷೆ ಕಲಿಯಬೇಕು, ನಾನು ಇಲ್ಲಿ ಕಲಿತಿದ್ದೇನೆ, ಅಲ್ಲಿಗೆ ಹೋದವರೂ ಕಲಿಯಲಿ. ಕಲಿಸುವ ಕೈ ಹೊಡೆಯುವ ಕೈ ಆಗಬಾರದು.

ಕೊನೆಯ ಆಕ್ಷೇಪ: ‘ಗಡಿಯಂಥ ದೊಡ್ಡ ವಿಷಯದ ನಡುವೆ ಉಗುಳುವುದು, ರಾಂಗ್‌ಸೈಡ್ ಗಾಡಿ ಎಂಬ ಸಣ್ಣ ಮಾತು ತಂದಿರಿ.’

ಕಾತ್ರಜದವರಿಗೆ ಇದು ಸಣ್ಣ ಮಾತಲ್ಲ. ಹೊಸ ಸುರಂಗ ದಾಟಿ ನವಲೆ ಸೇತುವೆಯ ಕಡೆಗೆ ಇಳಿಯುವ ಇಳಿಜಾರಿನಲ್ಲಿ ಎಷ್ಟು ಜೀವ ಹೋಗಿವೆ ಎಂದು ಇಲ್ಲಿನ ಮಕ್ಕಳಿಗೂ ಗೊತ್ತು. 2022ರ ನವೆಂಬರಿನಲ್ಲಿ ಒಂದೇ ಅಪಘಾತದಲ್ಲಿ ಹತ್ತಾರು ವಾಹನಗಳು ನುಜ್ಜಾದವು. ಇಳಿಜಾರಿನಲ್ಲಿ ಡೀಸೆಲ್ ಉಳಿಸಲು ಗೇರು ತಪ್ಪಿಸಿ ಲಾರಿ ಬಿಡುವ ಚಟ, ಸರ್ವಿಸ್ ರಸ್ತೆಯಲ್ಲಿ ಎದುರಿನಿಂದ ಬರುವ ಬೈಕು, ಎರಡೂ ಕೊಲ್ಲುತ್ತವೆ. ಕೊಲ್ಲುವಾಗ ಮನೆಮಾತು ಕೇಳುವುದಿಲ್ಲ. 2019ರ ಜನವರಿಯಲ್ಲಿ ಹೆಲ್ಮೆಟ್ ಕಡ್ಡಾಯ ಮಾಡಿದಾಗ ಪುಣೆಯಲ್ಲಿ ಹೆಲ್ಮೆಟ್ಟಿನ ಅಣಕು ಶವಯಾತ್ರೆ ತೆಗೆದರು. ಗುಟ್ಕಾ ಮಹಾರಾಷ್ಟ್ರದಲ್ಲಿ 2012ರಿಂದ, ಕರ್ನಾಟಕದಲ್ಲಿ 2013ರಿಂದ ನಿಷಿದ್ಧ. ಆದರೂ ಎರಡೂ ರಾಜ್ಯಗಳ ಬಸ್ಸಿನ ಕಿಟಕಿಯ ಕೆಳಗೆ ಅದೇ ಕೆಂಪು ಕಲೆ. ಬಸ್ಸಿಗೆ ನಾವೇ ದಿನವೂ ಬಳಿಯುವ ಬಣ್ಣ ಅದು, ಅದಕ್ಕೆ ಯಾರೂ ಚಳವಳಿ ಮಾಡುವುದಿಲ್ಲ.

ಇದು ರಾಜಕೀಯವೂ ಹೌದು. ಕಾತ್ರಜ–ಕೊಂಢ್ವಾ ರಸ್ತೆ ಅಗಲಿಸುವ ಕೆಲಸ 2018ರಲ್ಲಿ ಶುರುವಾಯಿತು. 84 ಮೀಟರ್ ಎಂದದ್ದು ಭೂಸ್ವಾಧೀನಕ್ಕೆ ಸಿಕ್ಕಿಬಿದ್ದು 50 ಮೀಟರಿಗೆ ಇಳಿಯಿತು, ವರ್ಷಗಟ್ಟಲೆ ಕುಂಟಿತು. ಯಾರನ್ನು ಕೇಳಬೇಕು? 2022ರ ಮಾರ್ಚಿನಲ್ಲಿ ಅವಧಿ ಮುಗಿದ ಪುಣೆ ಪಾಲಿಕೆಗೆ 2026ರ ಜನವರಿಯವರೆಗೆ ಚುನಾವಣೆಯೇ ನಡೆಯಲಿಲ್ಲ. ಹತ್ತಿರಹತ್ತಿರ ನಾಲ್ಕು ವರ್ಷ ನಮಗೆ ನಗರಸೇವಕನೇ ಇರಲಿಲ್ಲ. ಬೆಂಗಳೂರಿಗರಂತೂ 2020ರ ಸೆಪ್ಟೆಂಬರಿನಲ್ಲಿ ಕಳೆದುಕೊಂಡ ಕಾರ್ಪೊರೇಟರುಗಳಿಗಾಗಿ ಅದಕ್ಕಿಂತ ಹೆಚ್ಚು ಕಾಲ ಕಾದರು. ಬೆಳಗಾವಿಯ ವಿಷಯದಲ್ಲಿ ಕಾದಾಡುವ ಎರಡು ರಾಜ್ಯಗಳ ಆಳುವವರು, ಎಲ್ಲ ಪಕ್ಷದವರೂ, ತಮ್ಮ ಅತಿ ದೊಡ್ಡ ನಗರಗಳ ಜನರ ಓಟನ್ನು ಮುಂದೂಡುವುದರಲ್ಲಿ ಒಂದಾಗಿದ್ದರು. ಈ ಬಗ್ಗೆ ರಾತ್ರಿ ಒಂಬತ್ತರ ಚರ್ಚೆ ಎಷ್ಟು ಬಾರಿ ನಡೆಯಿತು? ಗಡಿ ಗಲಾಟೆ ಎದ್ದಾಗಲೆಲ್ಲ ಈ ಪ್ರಶ್ನೆಗಳು ಮುಳುಗುತ್ತವೆ, ಮುಳುಗಲಿ ಎಂದು ಬಯಸುವವರು ಎರಡೂ ಕಡೆ ಇದ್ದಾರೆ.

ಪತ್ರ ಬರೆದವರಲ್ಲಿ ನನ್ನ ವಿನಂತಿ ಇಷ್ಟು. ಮತ್ತೊಮ್ಮೆ ಯಾವುದೇ ರಾಜ್ಯದ ಬಸ್ಸಿಗೆ ಯಾರಾದರೂ ಮಸಿ ಬಳಿದರೆ, ಆ ವಿಡಿಯೊವನ್ನು ಮುಂದಕ್ಕೆ ಕಳಿಸಬೇಡಿ. ಬಳಿದವರು ನಮ್ಮವರಾದರೆ ಮೊದಲ ದೂರು ನಮ್ಮಿಂದಲೇ ಹೋಗಲಿ. ಕಾತ್ರಜದ ಮರಾಠಿ ಗೆಳೆಯರಿಗೂ ಇದೇ ಮಾತು ಹೇಳಿದ್ದೇನೆ, ಅವರ ಕಡೆಯ ದೂರಿಗೆ ಸಹಿ ಹಾಕಲು ಕೆಲವರು ಒಪ್ಪಿದ್ದಾರೆ. ನಮ್ಮ ಕಡೆಯಿಂದ ನೀವು ಮುಂದೆ ಬನ್ನಿ.