ಮಾತ್ರೆ ಕೊಟ್ಟರೆ ಮುಗಿಯಿತೇ?

ಕ್ಷಯರೋಗಕ್ಕೆ ಚಿಕಿತ್ಸೆ ಪಡೆಯುತ್ತಿರುವ ಇಳಕಲ್ಲಿನ ನೇಕಾರನೊಬ್ಬನಿಗೆ ಕೆಂಪು ಎಳೆಗೂ ಹಸಿರು ಎಳೆಗೂ ವ್ಯತ್ಯಾಸ ಮಸುಕಾಗತೊಡಗಿದರೆ ಅವನು ಯಾವುದನ್ನು ದೂರಬೇಕು? ದೀಪದ ಬೆಳಕನ್ನೋ, ತನ್ನ ವಯಸ್ಸನ್ನೋ? ಅವನು ನುಂಗುತ್ತಿರುವ ಎಥಾಂಬ್ಯುಟಾಲ್ ಎಂಬ ಔಷಧಿ ಕೆಲವರ ಕಣ್ಣಿನ ನರವನ್ನು ಬಾಧಿಸುತ್ತದೆ. ಕೆಂಪು-ಹಸಿರಿನ ಭೇದ ಕುಂದುವುದು ಅದರ ಮೊದಲ ಸೂಚನೆಗಳಲ್ಲೊಂದು. ಕೂಡಲೇ ವೈದ್ಯರಿಗೆ ತಿಳಿಸಿದರೆ ದೃಷ್ಟಿ ಸಾಮಾನ್ಯವಾಗಿ ಮರಳುತ್ತದೆ. ತಡವಾದರೆ ಮರಳದೆಯೂ ಹೋಗಬಹುದು. ಬಣ್ಣವನ್ನೇ ನಂಬಿ ಅನ್ನ ಉಣ್ಣುವವನಿಗೆ ಇಷ್ಟನ್ನು ಹೇಳಲು ಎಷ್ಟು ಹೊತ್ತು ಬೇಕು?

ಇದನ್ನು ಹೇಳಬಲ್ಲವಳು ದಾದಿ. ಅವಳನ್ನು ನಿಂದಿಸಲು ನಾವು ಲೇಖನಿ ಹಿಡಿದಿಲ್ಲ. ಚುಚ್ಚುಮದ್ದು, ಹೆರಿಗೆ, ಗಾಯಕ್ಕೆ ಪಟ್ಟಿ, ಇವುಗಳ ನಡುವೆ ಮುಗಿಯದ ದಾಖಲೆ ಪುಸ್ತಕಗಳು! ಅವಳು ಎಷ್ಟು ಮಾತ್ರೆ ಹಂಚಿದಳೆಂಬುದಕ್ಕೆ ಲೆಕ್ಕವಿದೆ, ಎಷ್ಟು ಮಂದಿಗೆ ತಿಳಿಹೇಳಿದಳೆಂಬುದನ್ನು ಕೇಳುವವರು ಯಾರು? 2017ರಲ್ಲಿ ಸರಕಾರವು ವಾರಕ್ಕೆ ಮೂರು ದಿನದ ಕ್ಷಯ ಚಿಕಿತ್ಸೆಯನ್ನು ದೇಶದಾದ್ಯಂತ ಪ್ರತಿದಿನದ್ದಾಗಿ ಮಾರ್ಪಡಿಸಿತು. ಹೊಸ ರೋಗಿಗಳಿಗೆ ಹಿಂದೆ ಮೊದಲೆರಡು ತಿಂಗಳಷ್ಟೇ ಇದ್ದ ಎಥಾಂಬ್ಯುಟಾಲ್ ಆರು ತಿಂಗಳಿಗೆ ವಿಸ್ತರಿಸಿತು. ಬಾಗಲಕೋಟೆಯಿಂದ ಹುನಗುಂದದವರೆಗೆ ತಿಳಿಹೇಳುವ ಕೈಗಳೂ ಅದೇ ಪ್ರಮಾಣದಲ್ಲಿ ಹೆಚ್ಚಬೇಕಿತ್ತಲ್ಲವೇ?

ರಿಫಾಂಪಿಸಿನ್ ಸೇವಿಸಿದವರ ಮೂತ್ರ ಕಿತ್ತಳೆ ಬಣ್ಣಕ್ಕೆ ತಿರುಗುತ್ತದೆ. ಅದರಿಂದ ಅಪಾಯವಿಲ್ಲ. ಇದನ್ನರಿಯದವನು ರಕ್ತವೇ ಹೋಗುತ್ತಿದೆಯೆಂದು ಬೆದರಿ ಚಿಕಿತ್ಸೆಯನ್ನೇ ತೊರೆಯಬಹುದು. ನಡುವೆ ಬಿಟ್ಟ ಕ್ಷಯವು ಔಷಧಿಗೆ ಬಗ್ಗದ ಕ್ಷಯವಾಗಿ ಮರಳಬಹುದು. ಆದರೆ ಕಣ್ಣು ಹಳದಿಯಾದರೆ ಮಾತ್ರ ಒಂದು ದಿನವೂ ಕಾಯಬಾರದು, ಅದು ಯಕೃತ್ತಿನ ಕರೆ.

ಇನ್ನು ನಮ್ಮ ಮನೆಗಳತ್ತ ನೋಡೋಣ. ಬಾದಾಮಿಯ ಮೊಹಲ್ಲಾದಲ್ಲಾಗಲಿ, ಇಳಕಲ್ಲಿನ ಓಣಿಯಲ್ಲಾಗಲಿ, ಮಾತ್ರೆ ತರುವವನು ಗಂಡ ಅಥವಾ ಮಗ, ನುಂಗುವವಳು ಮನೆಯೊಳಗೆ. ರಿಫಾಂಪಿಸಿನ್ ಸೇವಿಸುವಾಗ ಗರ್ಭನಿರೋಧಕ ಗುಳಿಗೆಯ ಶಕ್ತಿ ಕುಗ್ಗುತ್ತದೆಂದು ದಾದಿ ಯಾರಿಗೆ ಹೇಳಬೇಕು? ಮಗನಿಗೇ? ಮನೆಯಲ್ಲಿ ದಖನಿ ಉರ್ದು ಮಾತ್ರ ಬಲ್ಲ ತಾಯಿಗೆ ಅವಳ ಮಾತಿನಲ್ಲೇ ವಿವರಿಸಬಲ್ಲ ದಾದಿಯರೆಷ್ಟು ಮಂದಿ? ನರ್ಸಿಂಗ್ ಎಂದೊಡನೆ ಮೂಗು ಮುರಿದು ಹೆಣ್ಣುಮಕ್ಕಳನ್ನು ತಡೆದವರು ನಾವೇ ಅಲ್ಲವೇ?

ರಮಝಾನ್ ಬಂತೆಂದರೆ ಸಕ್ಕರೆ ಕಾಯಿಲೆಯವರು ಬೆಳಗಿನ ಗುಳಿಗೆಯನ್ನು ತಾವೇ ಸಹರಿಗೆ ವರ್ಗಾಯಿಸಿಕೊಳ್ಳುತ್ತಾರೆ. ಗ್ಲಿಬೆನ್‌ಕ್ಲಮೈಡ್‌ನಂತಹ ಔಷಧಿ ನುಂಗಿ ದಿನವಿಡೀ ಹಸಿದಿದ್ದರೆ ಸಕ್ಕರೆ ಅಪಾಯಕಾರಿಯಾಗಿ ಕುಸಿಯಬಲ್ಲದು: ಬೆವರು, ನಡುಕ, ಮಂಕು, ಕೊನೆಗೆ ಪ್ರಜ್ಞೆ ತಪ್ಪುವುದು. ರೋಗಿಗೆ ಕುರ್‌ಆನ್ ಕೊಟ್ಟ ರಿಯಾಯಿತಿಯನ್ನು ಮನೆಯವರು ಕಿತ್ತುಕೊಳ್ಳುವುದು ಯಾವ ಧರ್ಮನಿಷ್ಠೆ? ಶಾಬಾನ್ ತಿಂಗಳಲ್ಲೇ ಜಮಾಅತ್‌ಗಳು ಆಸ್ಪತ್ರೆಯ ದಾದಿಯೊಬ್ಬರನ್ನು ಮೊಹಲ್ಲಾದ ಮಹಿಳೆಯರ ಮುಂದೆ ಕೂರಿಸಲಿ. ಮಹಿಳೆಯರು ತಮ್ಮ ಮಾತ್ರೆಯ ಚೀಲವನ್ನೇ ತಂದು ತೋರಿಸಲಿ. ಆಸ್ಪತ್ರೆಗಳು ಔಷಧಿ ವಿತರಣೆಯ ವೇಳೆಯಲ್ಲಿ ಒಬ್ಬ ದಾದಿಯನ್ನಾದರೂ ದಾಖಲೆ ಪುಸ್ತಕಗಳಿಂದ ಬಿಡುಗಡೆ ಮಾಡಲಿ. ಔಷಧಿಯಿಂದ ತೊಂದರೆಯಾದರೆ ವೈದ್ಯರಿಗೆ ತಿಳಿಸುವುದರ ಜೊತೆಗೆ 1800-180-3024ಕ್ಕೆ ಉಚಿತವಾಗಿ ಕರೆ ಮಾಡಿ ವರದಿ ಮಾಡಬಹುದು, ರೋಗಿಯೂ ಮಾಡಬಹುದು. ಈ ಸಂಖ್ಯೆಯನ್ನು ಮಸೀದಿಯ ಫಲಕದಲ್ಲಿ ಬರೆಯಲು ಒಂದು ತುಂಡು ಸುಣ್ಣದ ಕಡ್ಡಿ ಸಾಕು.