ಕಂಪನಿ ಬದಲಾದರೆ ಬಾಕ್ಸು ಯಾಕೆ ಎಸೆಯಬೇಕು?



ಡಿಟಿಎಚ್ ಕಂಪನಿ ಬದಲಿಸಿದರೆ ಹೊಸ ಬಾಕ್ಸು, ಹೊಸ ಡಿಶ್ಶು ಕೊಳ್ಳಲೇಬೇಕು, ಒಂದೊಂದು ಕಂಪನಿಯದು ಒಂದೊಂದು ತಂತ್ರಜ್ಞಾನ ಎಂದು ಅಂಗಡಿಯವರೂ ಕಾಲ್ ಸೆಂಟರಿನವರೂ ವರ್ಷಗಳಿಂದ ಹೇಳುತ್ತ ಬಂದಿದ್ದಾರೆ. ಜನ ಅದನ್ನು ನಂಬಿದ್ದಾರೆ. ಈ ಮಾತು ನಿಜವಲ್ಲ ಎಂದು ಹೇಳುವುದಕ್ಕಾಗಿಯೇ ಈ ಪತ್ರ.

ಡಿಟಿಎಚ್ ಉಪಗ್ರಹಗಳು ಭೂಮಧ್ಯರೇಖೆಯ ನೇರಕ್ಕೆ, ಸುಮಾರು 36,000 ಕಿ.ಮೀ. ಎತ್ತರದಲ್ಲಿ, ಭೂಮಿ ತಿರುಗಿದಷ್ಟೇ ವೇಗದಲ್ಲಿ ಸುತ್ತುವುದರಿಂದ ನಮಗೆ ಆಕಾಶದಲ್ಲಿ ಒಂದೇ ಕಡೆ ನಿಂತ ಹಾಗಿರುತ್ತವೆ. ದೂರದರ್ಶನದ ಫ್ರೀ ಡಿಶ್ ಬರುವುದು 93.5 ಡಿಗ್ರಿ ಪೂರ್ವ ರೇಖಾಂಶದ ಜಿಸ್ಯಾಟ್-15ರಿಂದ. ಕರ್ನಾಟಕದಿಂದ ಅದು ಆಗ್ನೇಯಕ್ಕೆ, ಸಾಕಷ್ಟು ಮೇಲೆ. ಬೇರೆ ಕಂಪನಿಯ ಉಪಗ್ರಹ ಬೇರೆ ಜಾಗದಲ್ಲಿದ್ದರೆ ಡಿಶ್ಶನ್ನು ಅತ್ತ ತಿರುಗಿಸಿ ನಟ್ಟು ಬಿಗಿದರಾಯಿತು. ಡಿಶ್ಶಿಗೆ ಬಿದ್ದ ತರಂಗಗಳೆಲ್ಲ ಅದರ ಮುಂದಿರುವ ಎಲ್‌ಎನ್‌ಬಿಯಲ್ಲಿ ಕೂಡುತ್ತವೆ. ಅದು ತೀರಾ ಕ್ಷೀಣವಾದ ಆ ಸಂಕೇತವನ್ನು ಬಲಪಡಿಸಿ, ಕೇಬಲ್ಲಿನಲ್ಲಿ ಸಾಗಬಲ್ಲ ಆವರ್ತನಕ್ಕೆ ಇಳಿಸಿ ಒಳಗೆ ಕಳಿಸುತ್ತದೆ. ಬಾಕ್ಸಿನೊಳಗೂ ಎಲ್ಲರದೂ ಡಿಜಿಟಲ್ ಪ್ರಸಾರದ ಡಿವಿಬಿ ಮಾನದಂಡವೇ. ಕಂಪನಿಯಿಂದ ಕಂಪನಿಗೆ ನಿಜವಾಗಿ ಬೇರೆಯಾಗುವುದು ದುಡ್ಡು ಕಟ್ಟಿದವರಿಗೆ ಮಾತ್ರ ಚಿತ್ರ ಬಿಡಿಸಿಕೊಡುವ ಗೂಢಲಿಪಿ. ಅದನ್ನು ಬಾಕ್ಸಿನಲ್ಲೇ ಬೆಸೆಯಬೇಕೆಂದಿಲ್ಲ, ಬೇಕಾದಾಗ ಸಿಕ್ಕಿಸಿ ತೆಗೆಯುವ ಪುಟ್ಟ ಸಾಧನದಲ್ಲಿಡಬಹುದು. ಮೊಬೈಲ್ ಅದೇ ಇದ್ದು ಸಿಮ್ ಬದಲಿಸುವ ಹಾಗೆ.

ಇದು ನನ್ನ ಕಲ್ಪನೆಯಲ್ಲ. ಸರ್ಕಾರ 2001ರಲ್ಲಿ ಡಿಟಿಎಚ್‌ಗೆ ಅನುಮತಿ ಕೊಟ್ಟಾಗಲೇ, ಒಂದು ಕಂಪನಿಯ ಬಾಕ್ಸು ಇನ್ನೊಂದರ ಸೇವೆಗೂ ಒದಗುವಂತಿರಬೇಕು ಎಂದು ಮಾರ್ಗಸೂಚಿಯಲ್ಲಿ ಹೇಳಿತ್ತು. ಬಾಕ್ಸುಗಳಲ್ಲಿ ಅದಕ್ಕೊಂದು ಸಂದಿಯೂ ಬಂತು. ಆದರೆ ಅಲ್ಲಿ ಸಿಕ್ಕಿಸುವ ಮಾಡ್ಯೂಲಿನ ಬೆಲೆ ಹೊಸ ಬಾಕ್ಸಿನ ಬೆಲೆಯ ಹತ್ತಿರಕ್ಕೇ ಬರುತ್ತಿದ್ದುದರಿಂದ ಯಾರಿಗೂ ಅದು ಬೇಕಾಗಲಿಲ್ಲ. ಕೊನೆಗೆ 2020ರ ಏಪ್ರಿಲ್‌ನಲ್ಲಿ ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರವಾದ ಟ್ರಾಯ್, ಯುಎಸ್‌ಬಿ ಮೂಲಕ ಜೋಡಿಸುವ ಅಗ್ಗದ ವ್ಯವಸ್ಥೆಯನ್ನು ಸೂಚಿಸಿ, ಎಲ್ಲ ಬಾಕ್ಸುಗಳೂ ಅದಕ್ಕೆ ಹೊಂದುವಂತಿರಬೇಕು ಎಂದು ಶಿಫಾರಸು ಮಾಡಿತು. ವರ್ಷಗಳು ಕಳೆದರೂ ಅಂಥದ್ದೊಂದು ನಮ್ಮ ಮನೆಗಳಿಗೆ ಬಂದಿಲ್ಲ.

ಬಾಕ್ಸನ್ನು ರಿಯಾಯಿತಿಯಲ್ಲಿ ಕೊಟ್ಟಿದ್ದೇವೆ ಎಂಬುದು ಕಂಪನಿಗಳ ವಾದ. ಒಪ್ಪೋಣ. ಹಾಗಿದ್ದರೆ ರಿಯಾಯಿತಿ ಬೇಡ, ಪೂರ್ತಿ ದುಡ್ಡು ಕೊಟ್ಟು ನನ್ನದೇ ಮಾಡಿಕೊಳ್ಳುತ್ತೇನೆ ಎನ್ನುವವನಿಗೂ ಬೀಗ ಹಾಕಿದ ಬಾಕ್ಸನ್ನೇ ಕೊಡುವುದು ಯಾವ ನ್ಯಾಯ?

ಈ ತೊಂದರೆ ಮಲೆನಾಡಿನವರಿಗೆ ಹೆಚ್ಚು. ತೋಟದ ನಡುವಿನ ಒಂಟಿ ಮನೆಗಳಿಗೆ ಕೇಬಲ್ ಎಳೆಯಲು ಯಾರೂ ಬರುವುದಿಲ್ಲ, ನಮಗೆ ಡಿಶ್ಶೇ ಗತಿ. ಜೋರು ಮಳೆ ಡಿಟಿಎಚ್ ಬಳಸುವ ಕೆಯು ಬ್ಯಾಂಡಿನ ತರಂಗಗಳನ್ನು ಹೀರಿಕೊಳ್ಳುತ್ತದೆ, ಅದಕ್ಕೆ ಯಾರನ್ನೂ ದೂರುವಂತಿಲ್ಲ. ಆದರೆ ಡಿಶ್ಶು ದೊಡ್ಡದಾದಷ್ಟೂ ಹಿಡಿಯುವ ಸಂಕೇತ ಹೆಚ್ಚು, ಮಳೆಗೆ ಚಿತ್ರ ನಿಂತುಹೋಗುವುದು ಕಡಿಮೆ. ಹಾಗಿದ್ದೂ ಬಯಲುಸೀಮೆಗೆ ಹಾಕುವ 60 ಸೆಂ.ಮೀ. ಡಿಶ್ಶನ್ನೇ ಇಲ್ಲಿಗೂ ಹಾಕಿಹೋಗುತ್ತಾರೆ. ಡಿಶ್ಶು, ಬಾಕ್ಸು ಎರಡೂ ನಮ್ಮವೇ ಆಗಿ, ಯಾವ ಕಂಪನಿಗೆ ಹೋದರೂ ಉಳಿಯುತ್ತವೆ ಎಂಬ ಖಾತ್ರಿಯಿದ್ದರೆ 90 ಸೆಂ.ಮೀ.ನದನ್ನು ಕೈಯಿಂದಲೇ ದುಡ್ಡು ಹಾಕಿ ತರುವವರು ನಮ್ಮೂರಲ್ಲೇ ಬಹಳ ಮಂದಿ. ಈಗ ಹಂಚಿನ ಮಾಡಿನ ಪಕ್ಕದಲ್ಲಿ ತುಕ್ಕು ಹಿಡಿದ ಹಳೆಯ ಡಿಶ್ಶು, ಅದರ ಪಕ್ಕ ಹೊಸದು, ಅಟ್ಟದ ಮೇಲೆ ಕೆಲಸಕ್ಕೆ ಬಾರದ ಬಾಕ್ಸುಗಳು. ಅವುಗಳಲ್ಲಿ ಬಹಳಷ್ಟು ಕೆಟ್ಟವಲ್ಲ, ಬೀಗ ಬಿದ್ದವು ಅಷ್ಟೆ.

ಇನ್ನೊಂದು ಮಾತು. ಉಪಗ್ರಹ ಟ್ಯೂನರ್ ಒಳಗೇ ಇರುವ ಟಿವಿಗಳಿಗೆ ಭಾರತೀಯ ಮಾನಕ ಬ್ಯೂರೋ 2022ರಲ್ಲಿ ಮಾನಕವೊಂದನ್ನು ರೂಪಿಸಿದೆ. ಅಂಥ ಟಿವಿಗೆ ಡಿಶ್ಶು, ಎಲ್‌ಎನ್‌ಬಿ ಜೋಡಿಸಿದರೆ ಬಾಕ್ಸೇ ಇಲ್ಲದೆ ಉಚಿತ ವಾಹಿನಿಗಳು ಬರುತ್ತವೆ. ಟಿವಿ ಮಾರುವವರು ಪರದೆ ಎಷ್ಟು ಇಂಚು ಎಂದು ಹೇಳುತ್ತಾರೆಯೇ ಹೊರತು ಇದನ್ನು ಹೇಳುವುದಿಲ್ಲ. ಕೊಳ್ಳುವವರೇ ಕೇಳಬೇಕು.

ವಾರ್ತಾ ಮತ್ತು ಪ್ರಸಾರ ಸಚಿವಾಲಯ 2020ರ ಶಿಫಾರಸನ್ನು ನಿಯಮವಾಗಿಸಿ, ಯಾವ ದಿನಾಂಕದ ನಂತರ ಬೀಗದ ಬಾಕ್ಸು ಮಾರುವಂತಿಲ್ಲ ಎಂದು ಘೋಷಿಸಲಿ. ಅದು ಯಾಕೆ ಇನ್ನೂ ಆಗಿಲ್ಲ ಎಂದು ನಮ್ಮ ಸಂಸದರು ಮುಂದಿನ ಅಧಿವೇಶನದಲ್ಲಿ ಲಿಖಿತ ಪ್ರಶ್ನೆ ಕೇಳಿ ಉತ್ತರ ತರಲಿ.

ಇತಿ,
ನಿಮ್ಮ ಓದುಗ, ತೀರ್ಥಹಳ್ಳಿ ತಾಲ್ಲೂಕು