ವರ್ಷದ ಮೆಚ್ಚಿನ ಧ್ವನಿಸುರುಳಿ ಯಾವುದು?

ವರ್ಷಾಂತ್ಯ ಸಮೀಪಿಸಿತೆಂದರೆ ಸಂಗೀತಾಸಕ್ತ ತರುಣರಲ್ಲಿ ಒಂದು ರೂಢಿ ಕಾಣಬರುತ್ತದೆ. ಆ ವರ್ಷ ತಾವು ಕೇಳಿದ ಧ್ವನಿಸುರುಳಿಗಳಲ್ಲಿ ಅತ್ಯಂತ ಮೆಚ್ಚುಗೆಯಾದವು ಯಾವುವೆಂದು ಐದೋ ಹತ್ತೋ ಹೆಸರುಗಳನ್ನು ಕ್ರಮವಾಗಿ ಬರೆದು ಮಿತ್ರರೊಡನೆ ಚರ್ಚಿಸುತ್ತಾರೆ. ಹಿರಿಯರಲ್ಲಿ ಕೆಲವರು ಇದನ್ನು ಕಾಲಹರಣವೆಂದು ಭಾವಿಸುವುದುಂಟು. ನಾವು ಹಾಗೆ ಭಾವಿಸುವುದಿಲ್ಲ. ನಮ್ಮ ವರ್ತಕ ಮನೆತನಗಳು ದೀಪಾವಳಿಯಲ್ಲಿ ಖಾತೆ ಕಿರ್ದಿಗಳನ್ನು ಪೂಜಿಸಿ ವರ್ಷದ ಲಾಭಹಾನಿಗಳನ್ನು ಅರಿತುಕೊಳ್ಳುವಂತೆ ಕಿವಿಗೂ ಒಂದು ಲೆಕ್ಕವಿರುವುದು ಯುಕ್ತವೇ ಆಗಿದೆ. ಏನನ್ನು ಕೇಳಿದೆವು, ಅದರಲ್ಲಿ ಏನು ಉಳಿಯಿತು ಎಂದು ವರ್ಷಕ್ಕೊಮ್ಮೆಯಾದರೂ ಪರಾಮರ್ಶಿಸಿಕೊಳ್ಳುವುದು ಒಳ್ಳೆಯ ಅಭ್ಯಾಸ. ಪ್ರಶ್ನೆಯಿರುವುದು ಅಳತೆಗೋಲಿನದು. ವಿಶೇಷವಾಗಿ ವಚನಗಾಯನದ ಧ್ವನಿಸುರುಳಿಗಳನ್ನು ಯಾವ ಕೋಲಿನಿಂದ ಅಳೆಯಬೇಕು?

ಶರಣರು ಸಂಗೀತದ ವಿರೋಧಿಗಳಾಗಿರಲಿಲ್ಲ. ತಮ್ಮ ದೇಹವನ್ನೇ ವಾದ್ಯವನ್ನಾಗಿಸಿ ನುಡಿಸಿಕೊಳ್ಳೆಂದು ದೇವನಲ್ಲಿ ಬೇಡಿಕೊಂಡವರು ಬಸವಣ್ಣನವರು. ಆದರೆ ಶಿವನು ನಾದಕ್ಕಾಗಲಿ ವೇದಕ್ಕಾಗಲಿ ಒಲಿಯುವವನಲ್ಲ, ಭಕ್ತಿಗೆ ಮಾತ್ರ ಒಲಿಯುವವನು ಎಂದು ರಾವಣನ ಹಾಗೂ ಬ್ರಹ್ಮನ ಉದಾಹರಣೆ ಕೊಟ್ಟು ಎಚ್ಚರಿಸಿದವರೂ ಅವರೇ. ಈ ಎರಡು ಮಾತುಗಳಲ್ಲಿ ವಿರೋಧವಿಲ್ಲ. ನಾದವು ಭಕ್ತಿಯ ಸೇವಕನಾಗಿರುವವರೆಗೆ ಸ್ವಾಗತಾರ್ಹ. ಅದೇ ಯಜಮಾನನಾಗಿ ಕುಳಿತರೆ ವಚನವು ಹಿಂದೆ ಸರಿಯುತ್ತದೆ. ನಮ್ಮ ಅಳತೆಗೋಲಿನ ಮೊದಲ ಗೆರೆ ಇದು.

ಧ್ವನಿಮುದ್ರಣವು ನಮ್ಮ ನಾಡಿಗೆ ಬಂದು ನೂರು ವರ್ಷಗಳ ಮೇಲಾಯಿತು. 1902ರಲ್ಲಿ ಕಲಕತ್ತೆಯಲ್ಲಿ ಗೌಹರ್ ಜಾನ್ ಅವರ ಹಾಡಿಕೆಯನ್ನು ಮುದ್ರಿಸಿಕೊಂಡರು. 1908ರಲ್ಲಿ ಅಲ್ಲಿಯೇ ಸಿಯಾಲ್ದಾ ಎಂಬಲ್ಲಿ ಗ್ರಾಮಫೋನ್ ತಟ್ಟೆಗಳ ಕಾರ್ಖಾನೆ ಆರಂಭವಾಯಿತು. ಆ ಕಾಲದ ತಟ್ಟೆಗಳಲ್ಲಿ ಅರಗು ಮುಖ್ಯ ದ್ರವ್ಯ. ಅದರ ಒಂದು ಮುಖದಲ್ಲಿ ಮೂರು ನಿಮಿಷಕ್ಕಿಂತ ತುಸು ಹೆಚ್ಚು ಕಾಲ ಮಾತ್ರ ಹಾಡಿಕೆ ಹಿಡಿಯುತ್ತಿತ್ತು. ಗಂಟೆಗಟ್ಟಲೆ ರಾಗವಿಸ್ತಾರ ಮಾಡಬಲ್ಲ ಗವಾಯಿಗಳು ತಮ್ಮ ವಿದ್ಯೆಯನ್ನೆಲ್ಲ ಆ ಮೂರು ನಿಮಿಷಗಳಲ್ಲಿ ಅಡಗಿಸಬೇಕಾಯಿತು. ಮುಂದೆ 1948ರಲ್ಲಿ ಅಮೆರಿಕದಲ್ಲಿ ದೀರ್ಘಕಾಲ ನುಡಿಯುವ ತಟ್ಟೆ, 1963ರಲ್ಲಿ ಕ್ಯಾಸೆಟ್, 1982ರಲ್ಲಿ ಸಿ.ಡಿ. ಬಂದವು. ಇಂದು ಇವಾವುವೂ ಬೇಡ, ಕೈಯಲ್ಲಿರುವ ಮೊಬೈಲಿನಲ್ಲಿಯೇ ಎಲ್ಲವೂ ದೊರೆಯುತ್ತದೆ.

ವಚನಕ್ಕೂ ಈ ಕಾಲದ ಮಿತಿಗೂ ಒಂದು ಸಂಬಂಧವುಂಟು. ವಚನವು ಛಂದೋಬದ್ಧವಾದ ಪದ್ಯವಲ್ಲ. ಅದರಲ್ಲಿ ಪಲ್ಲವಿಯಿಲ್ಲ, ಚರಣಗಳಿಲ್ಲ. ಮಾತಿನ ಏರಿಳಿತವೇ ಅದರ ಲಯ. ಅದನ್ನು ತಾಳಕ್ಕೆ ಕೂಡಿಸುವಾಗ ಗಾಯಕರು ಮೊದಲ ಸಾಲನ್ನು ಪಲ್ಲವಿಯಂತೆ ಮತ್ತೆಮತ್ತೆ ತರುತ್ತಾರೆ. ಇದು ತಪ್ಪಲ್ಲ. ಆದರೆ ವಚನದ ಅರ್ಥವು ಮೆಟ್ಟಿಲು ಮೆಟ್ಟಿಲಾಗಿ ಏರಿ ಕೊನೆಯ ಸಾಲಿನಲ್ಲಿ ಅಂಕಿತದೊಡನೆ ಪೂರ್ಣಗೊಳ್ಳುವಂಥದು. ಮೊದಲ ಸಾಲೇ ಹತ್ತು ಬಾರಿ ಮೊಳಗಿ, ಕೊನೆಯ ಸಾಲು ವಾದ್ಯಗಳ ಸದ್ದಿನಲ್ಲಿ ಅಡಗಿಹೋದರೆ ಕೇಳಿದವನಿಗೆ ಪ್ರಶ್ನೆ ದೊರೆತು ಉತ್ತರ ದೊರೆಯದಂತಾಗುತ್ತದೆ. ಆದುದರಿಂದ ಅಂಕಿತವು ಸ್ಪಷ್ಟವಾಗಿ ಕೇಳಿಸಿತೇ, ಅದನ್ನು ಉಚ್ಚರಿಸುವಾಗ ಗಾಯಕನ ದನಿ ಬಾಗಿತೇ ಎಂಬುದು ನಮ್ಮ ಅಳತೆಗೋಲಿನ ಎರಡನೆಯ ಗೆರೆ.

ಈ ಕೋಲಿನಿಂದ ಅಳೆದು, ಈ ವರ್ಷ ನಾವು ಮರಳಿ ಮರಳಿ ಕೇಳಿದವುಗಳಲ್ಲಿ ಕೆಲವನ್ನು ಓದುಗರ ಮುಂದಿಡುತ್ತೇವೆ. ಇವು ಈ ವರ್ಷ ಬಿಡುಗಡೆಯಾದವಲ್ಲ. ಕೇಳಿದ ವರ್ಷವೇ ಕೇಳುವವನಿಗೆ ಮುಖ್ಯವೆಂದು ನಮ್ಮ ಅಭಿಪ್ರಾಯ.

ಮೊದಲನೆಯದು ಪಂಡಿತ ಮಲ್ಲಿಕಾರ್ಜುನ ಮನಸೂರರ ವಚನಗಾಯನ. 1910ರಲ್ಲಿ ಧಾರವಾಡದ ಸಮೀಪದ ಮನಸೂರಿನಲ್ಲಿ ಜನಿಸಿ 1992ರಲ್ಲಿ ಲಿಂಗೈಕ್ಯರಾದ ಇವರು ಜಯಪುರ-ಅತ್ರೌಲಿ ಘರಾನೆಯ ಅಪ್ರತಿಮ ಗಾಯಕರು. ಮಂಜೀಖಾನ್ ಮತ್ತು ಬುರ್ಜೀಖಾನರಿಂದ ಪಡೆದ ಅಪರೂಪದ ರಾಗಗಳ ಸಂಪತ್ತು ಅವರಲ್ಲಿತ್ತು. ಅಂಥ ವಿದ್ವತ್ತು ವಚನದ ಎದುರು ಬಂದೊಡನೆ ಕೈಮುಗಿದು ಒಂದು ಹೆಜ್ಜೆ ಹಿಂದೆ ನಿಲ್ಲುತ್ತದೆ. ವಿಶೇಷತಃ ಅಕ್ಕಮಹಾದೇವಿಯವರ ವಚನಗಳನ್ನು ಅವರು ಹಾಡುವಾಗ ರಾಗವು ಇದೆಯೆಂಬುದೇ ಮರೆತು ಅಕ್ಕನ ಹಂಬಲವೊಂದೇ ಉಳಿಯುತ್ತದೆ.

ಎರಡನೆಯದಾಗಿ ಸಿದ್ಧರಾಮ ಜಂಬಲದಿನ್ನಿ ಹಾಗೂ ಬಸವರಾಜ ರಾಜಗುರು ಅವರ ವಚನಗಳು. ಜಂಬಲದಿನ್ನಿಯವರು ರಾಯಚೂರು ಸೀಮೆಯವರು. ಅವರ ಹಾಡಿಕೆಯಲ್ಲಿ ನುಡಿಯ ತೂಕ ಕೆಡುವುದಿಲ್ಲ. ರಾಜಗುರುಗಳು ಗಾನಯೋಗಿ ಪಂಚಾಕ್ಷರಿ ಗವಾಯಿಗಳವರ ಶಿಷ್ಯರು. ಅವರ ಕಂಠದಲ್ಲಿ ಮಾಧುರ್ಯವೂ ಅಕ್ಷರಶುದ್ಧಿಯೂ ಒಂದನ್ನೊಂದು ಬಿಡದೆ ಸಾಗುತ್ತವೆ. ಮಕ್ಕಳಿಗೆ ವಚನ ಕಲಿಸಬಯಸುವ ತಾಯಂದಿರು ಈ ಇಬ್ಬರಿಂದ ಆರಂಭಿಸುವುದು ಲೇಸು. ಒಂದೊಂದು ಅಕ್ಷರವೂ ಬಿಡಿಬಿಡಿಯಾಗಿ ಕಿವಿಗೆ ಬೀಳುತ್ತದೆ.

ಮೂರನೆಯದು ಕುಮಾರಗಂಧರ್ವರು ಹಾಡಿದ ಕಬೀರರ ನಿರ್ಗುಣ ಭಜನೆಗಳು. ಇವು ಹಿಂದಿಯವು, ವಚನಗಳಲ್ಲ. ಆದರೂ ಏಕೆ ಹೇಳುತ್ತೇವೆಂದರೆ, ಬೆಳಗಾವಿ ಜಿಲ್ಲೆಯ ಸುಳೇಭಾವಿಯಲ್ಲಿ 1924ರಲ್ಲಿ ಜನಿಸಿದ ಶಿವಪುತ್ರ ಸಿದ್ರಾಮಯ್ಯ ಕೊಂಕಾಳಿಮಠ ಎಂಬವರೇ ಈ ಕುಮಾರಗಂಧರ್ವರು. ಕ್ಷಯರೋಗದಿಂದ ಒಂದು ಶ್ವಾಸಕೋಶವನ್ನೇ ಕಳೆದುಕೊಂಡು, ಮಧ್ಯಪ್ರದೇಶದ ದೇವಾಸದಲ್ಲಿ ಕೆಲವು ವರ್ಷ ಹಾಡದೆ ಮಲಗಿದ್ದವರು ಎದ್ದು ಮತ್ತೆ ಹಾಡಿದರು. ನಿರಾಕಾರವನ್ನು ಕುರಿತ ಆ ಹಾಡುಗಳಲ್ಲಿ ಶೂನ್ಯಸಂಪಾದನೆಯನ್ನು ಓದಿದವರಿಗೆ ಪರಿಚಿತವಾದ ಒಂದು ಮೌನ ಕೇಳಿಸುತ್ತದೆ.

ನಾಲ್ಕನೆಯದು ಪಂಡಿತ ಎಂ. ವೆಂಕಟೇಶಕುಮಾರರ ವಚನಗಾಯನ. 1953ರಲ್ಲಿ ಜನಿಸಿದ ಇವರು ಗದುಗಿನ ವೀರೇಶ್ವರ ಪುಣ್ಯಾಶ್ರಮದಲ್ಲಿ ಪುಟ್ಟರಾಜ ಗವಾಯಿಗಳವರ ಬಳಿಯಲ್ಲಿ ಅನೇಕ ವರ್ಷ ಇದ್ದು ಕಲಿತವರು. ಗವಾಯಿಗಳವರು 2010ರಲ್ಲಿ ಲಿಂಗೈಕ್ಯರಾದರೂ ಆ ಪರಂಪರೆಯ ಧ್ವನಿ ನಿಂತಿಲ್ಲವೆಂಬುದಕ್ಕೆ ಈ ಗಾಯನವೇ ಸಾಕ್ಷಿ.

ಇಷ್ಟು ಹೇಳಿದ ಮೇಲೆ ನಮ್ಮ ಮನಸ್ಸನ್ನು ಬಹುದಿನಗಳಿಂದ ಕಾಡುತ್ತಿರುವ ಮಾತನ್ನು ಹೇಳದಿರಲಾಗದು. ಭಕ್ತರ ಮನೆಗಳಿಗೆ ಪೂಜೆಗೆ ಹೋದಾಗ ಮುಂಜಾವಿನಲ್ಲಿ ವಚನಗಾಯನ ಕೇಳಿಬರುತ್ತದೆ. ಮೊದಲು ಸಂತೋಷವೇ ಆಗುತ್ತದೆ. ಹತ್ತಿರ ಹೋಗಿ ನೋಡಿದರೆ ಹಾಡುತ್ತಿರುವುದು ಯಂತ್ರ. ಮನೆಯವರು ತಂತಮ್ಮ ಕೆಲಸದಲ್ಲಿರುತ್ತಾರೆ. ಅಜ್ಜಿಗೆ ನಲವತ್ತು ವಚನಗಳು ಬಾಯಿಪಾಠವಾಗಿರುವ ಮನೆಯಲ್ಲಿ ಸೊಸೆಗೆ ಹತ್ತು, ಮೊಮ್ಮಕ್ಕಳಿಗೆ ಒಂದೆರಡು ಬರುತ್ತವೆ. ಧ್ವನಿಸುರುಳಿಗಳ ಸಂಖ್ಯೆ ಹೆಚ್ಚಿದಂತೆ ಬಾಯಿಗಳ ಸಂಖ್ಯೆ ಕಡಿಮೆಯಾಗುತ್ತಿದೆ. ಫ.ಗು. ಹಳಕಟ್ಟಿಯವರು ತಾಳೆಗರಿಗಳಿಗಾಗಿ ಊರೂರು ಅಲೆದು 1923ರಲ್ಲಿ 'ವಚನಶಾಸ್ತ್ರಸಾರ'ವನ್ನು ಅಚ್ಚು ಹಾಕಿಸಿದ್ದು ವಚನಗಳು ಕಪಾಟಿನಲ್ಲಿರಲೆಂದಲ್ಲ, ಜನರ ನಾಲಗೆಯ ಮೇಲಿರಲೆಂದು. ಧ್ವನಿಸುರುಳಿಯೂ ಕಪಾಟಾಗಿಬಿಟ್ಟರೆ ಆ ಪರಿಶ್ರಮ ಅಲ್ಲಿಗೇ ನಿಂತಂತೆ.

ಯಂತ್ರವನ್ನು ದೂಷಿಸಿ ಪ್ರಯೋಜನವಿಲ್ಲ. ಅದರಿಂದ ಆಗಬಹುದಾದ ಉಪಕಾರಕ್ಕೆ ನಮ್ಮ ನಾಡಿನಲ್ಲಿಯೇ ಎರಡು ದೃಷ್ಟಾಂತಗಳಿವೆ. ಬಾಲಕ ಕುಮಾರಗಂಧರ್ವರು ದೊಡ್ಡ ಗವಾಯಿಗಳ ತಟ್ಟೆಗಳನ್ನು ಕೇಳಿಕೇಳಿಯೇ ಯಥಾವತ್ತಾಗಿ ಹಾಡಿ ತೋರಿಸುತ್ತಿದ್ದರು. ಗದುಗಿನ ಬಾಲಕ ಭೀಮಸೇನ ಜೋಶಿಯವರು ಅಬ್ದುಲ್ ಕರೀಮ್ ಖಾನರ ಝಿಂಝೋಟಿ ರಾಗದ ಠುಮರಿಯನ್ನು ತಟ್ಟೆಯಲ್ಲಿ ಕೇಳಿ, ಹಾಗೆ ಹಾಡಲು ಕಲಿಯಲೇಬೇಕೆಂದು 1933ರಲ್ಲಿ ಹನ್ನೊಂದರ ವಯಸ್ಸಿನಲ್ಲಿ ಮನೆ ಬಿಟ್ಟರು. ಅದೇ ತಟ್ಟೆಗಳನ್ನು ಸಾವಿರಾರು ಜನ ಕೇಳಿ ತಲೆದೂಗಿ ಮರೆತರು. ಈ ಇಬ್ಬರು ಕೇಳಿ ಬಾಯಿ ತೆರೆದರು. ತೆರೆದ ಮೇಲೆಯೂ ತಟ್ಟೆಯ ಬಳಿಯಲ್ಲೇ ಉಳಿಯಲಿಲ್ಲ. ಒಬ್ಬರು ಮುಂಬಯಿಯಲ್ಲಿ ಬಿ.ಆರ್. ದೇವಧರರ ಬಳಿಗೆ, ಇನ್ನೊಬ್ಬರು ಕುಂದಗೋಳದಲ್ಲಿ ಸವಾಯಿ ಗಂಧರ್ವರ ಬಳಿಗೆ ಹೋಗಿ ಗುರುಮುಖದಿಂದ ಕಲಿತರು. ಧ್ವನಿಮುದ್ರಿಕೆ ಕರೆಯಬಲ್ಲುದು, ನಡೆಯಬೇಕಾದವರು ನಾವು.

ಆದುದರಿಂದ ನಮ್ಮ ಅಳತೆಗೋಲಿನ ಮೂರನೆಯ ಗೆರೆ, ಎಲ್ಲಕ್ಕಿಂತ ಮಿಗಿಲಾದದ್ದು, ಇದು. ಯಾವ ಧ್ವನಿಸುರುಳಿಯನ್ನು ಕೇಳಿ ಮನೆಯಲ್ಲಿ ಒಬ್ಬರಾದರೂ ಬಾಯಿ ತೆರೆದು ಹಾಡಿದರೋ ಅದೇ ಆ ವರ್ಷದ ಶ್ರೇಷ್ಠ ಧ್ವನಿಸುರುಳಿ. ಗಾಯಕನ ಕೀರ್ತಿ, ಮುದ್ರಣದ ಸೊಗಸು, ವಾದ್ಯಮೇಳದ ವೈಭವ ಇವೆಲ್ಲ ಅನಂತರದ ಮಾತುಗಳು.

ಬರುವ ವರ್ಷಕ್ಕೆ ಒಂದು ಸಣ್ಣ ನೇಮವನ್ನು ಸೂಚಿಸುತ್ತೇವೆ. ತಿಂಗಳಿಗೆ ಒಂದೇ ವಚನವನ್ನು ಆರಿಸಿಕೊಳ್ಳಿರಿ. ಮೊದಲ ವಾರ ಮನೆಮಂದಿಯೆಲ್ಲ ಕೆಲಸ ಬಿಟ್ಟು ಕುಳಿತು ಕೇಳಿರಿ. ಎರಡನೆಯ ವಾರ ಪುಸ್ತಕ ತೆರೆದು ಪಾಠವನ್ನು ನೋಡಿ ಅರ್ಥವನ್ನು ಚರ್ಚಿಸಿರಿ. ಮೂರನೆಯ ವಾರ ಧ್ವನಿಸುರುಳಿಯ ಜೊತೆಯಲ್ಲಿ ಹಾಡಿರಿ. ನಾಲ್ಕನೆಯ ವಾರ ಯಂತ್ರವನ್ನು ನಿಲ್ಲಿಸಿ ನೀವೇ ಹಾಡಿರಿ. ಶ್ರುತಿ ತುಸು ತಪ್ಪಿದರೆ ಚಿಂತೆಯಿಲ್ಲ. ತಾಳಮಾನಗಳ ಲೆಕ್ಕ ತಮಗೆ ತಿಳಿಯದೆಂದು ಬಸವಣ್ಣನವರೇ ಹೇಳಿಕೊಂಡಿರುವಾಗ ನಮಗೇಕೆ ಸಂಕೋಚ? ವರ್ಷ ತುಂಬುವಷ್ಟರಲ್ಲಿ ಹನ್ನೆರಡು ವಚನಗಳು ಮನೆಯ ಮಾತಾಗಿರುತ್ತವೆ. ಆಗ ಮಗನೋ ಮಗಳೋ ಬಂದು, ಈ ವರ್ಷದ ಮೆಚ್ಚಿನ ಧ್ವನಿಸುರುಳಿ ಯಾವುದೆಂದು ಕೇಳಿದರೆ ಹೆಸರು ಹೇಳುವುದಕ್ಕೆ ಬದಲಾಗಿ ಹಾಡಿಯೇ ತೋರಿಸಬಹುದು.